ಉಲ್ಟಾ ಟೈರಿನ ಜಾಡು

2015ರ ನವೆಂಬರ್ 27, ಶುಕ್ರವಾರ, ಬೆಳಗ್ಗೆ 7 ಗಂಟೆ 40 ನಿಮಿಷ.

“ಹತ್ತು ಪಟ್ಟಿಯ ಟೈರೇ ಬೇಕು ನನಗೆ!”

“ಕೊಡಲ್ಲ.”

ನೆರೇಡಾ ದಂಗಾಗಿ ನಿಂತಳು. ಕ್ಯಾಲಿಫೋರ್ನಿಯಾದ ಗ್ಲಾಮಿಸ್‌ನ ಮರಳು ದಿಬ್ಬಗಳಲ್ಲಿ ಗಾಡಿ ಓಡಿಸಲು ಚಿಕ್ಕಂದಿನಿಂದ ಮನೆಯವರೊಂದಿಗೆ ಬರುತ್ತಿದ್ದಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿ ಇಲ್ಲಿನ ಡೇರೆ ಅಂಗಡಿಗಳು ಬೇಡವೆಂದರೂ ಕೈಗೆ ತುರುಕಿ ಕಳಿಸುತ್ತವೆ. ಕೇಳಿದ್ದನ್ನು ಕೊಡೋದಿಲ್ಲ ಎನ್ನುವ ಅಂಗಡಿಯವನನ್ನು ನೋಡಿದ್ದು ಇದೇ ಮೊದಲು!

ಎಣ್ಣೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸುತ್ತ ಅವನು ಎದ್ದು ನಿಂತ. ಅಂಗಿಯ ಮೇಲೆ ‘ಎಫ್ರೇನ್’ ಎಂಬ ಹೆಸರಿನ ಕಸೂತಿ. ಕಣ್ಣಲ್ಲಿ ನಿದ್ದೆ, ತುಟಿಯಲ್ಲಿ ನಗು.

ಆ ನಗು ನೋಡಿಯೇ ಅವಳಿಗೆ ಸಿಟ್ಟು ಬಂದಿತ್ತು... ಅಥವಾ ಸಿಟ್ಟಿನಂಥದ್ದೇ ಬೇರೇನೋ.

“ನಿಮ್ಮದು 250 ಸಿಸಿಯ ಪುಟ್ಟ ನಾಲ್ಕು ಚಕ್ರದ ಗಾಡಿ,” ಎಂದ ಎಫ್ರೇನ್. “ಟೈರಿನ ಮೇಲಿನ ಪ್ರತಿ ಪಟ್ಟಿಯೂ ಮರಳು ಬಾಚಿ ಹಿಂದಕ್ಕೆ ಎಸೀಬೇಕು. ಹತ್ತು ಪಟ್ಟಿ ಹಾಕಿದ್ರೆ ಏರಲ್ಲಿ ಎಂಜಿನ್ನಿಗೆ ಉಸಿರು ಕಟ್ಟುತ್ತೆ. ಎಂಟರದ್ದು ತಗೊಳ್ಳಿ. ಹಗುರವಾಗಿರೋದು.”

“ನಮ್ಮ ಚೂಯಿ ಹತ್ತರದ್ದೇ ಹಾಕಿದಾನೆ.”

“ಯಾರು ಚೂಯಿ?”

“ನನ್ನ ಸೋದರಮಾವನ ಮಗ.”

“ಅವರ ಗಾಡಿ?”

“...700.”

ಎಫ್ರೇನ್ ಹುಬ್ಬು ಮೇಲೇರಿಸಿದ.

ನೆರೇಡಾ ಎಲ್ ಸೆಂಟ್ರೋದ ಶಾಲೆಯೊಂದರಲ್ಲಿ ಭೌತಶಾಸ್ತ್ರದ ಟೀಚರ್. ಅವನ ಲೆಕ್ಕ ಸರಿಯೆಂದು ಅವಳಿಗೆ ಗೊತ್ತಿತ್ತು. ಆದರೆ ಹೋದ ವರ್ಷ ಇಲ್ಲಿನ ದೊಡ್ಡ ದಿಬ್ಬದ ನಡುವೆ ಅವಳ ಗಾಡಿ ಹೂತುಹೋಗಿತ್ತು. ಚೂಯಿ ಹಗ್ಗ ಕಟ್ಟಿ ಎಳೆದಿದ್ದ. ಆಮೇಲೆ ಕ್ರಿಸ್‌ಮಸ್‌ನ ತಮಾಲೆ ಕಡುಬಿನ ಊಟದಲ್ಲೂ ಅದೇ ಮಾತು, ಈಸ್ಟರ್‌ನಲ್ಲೂ ಅದೇ ಮಾತು! ಈ ಸಲ ಯಾರ ಹಗ್ಗವೂ ಇಲ್ಲದೆ ಅವಳು ಮೇಲೆ ಹೋಗಬೇಕಿತ್ತು. ಅಷ್ಟೇ ಅವಳ ಆಸೆ.

“ಎಂಟರದ್ದರಲ್ಲಿ ಹತ್ತದಿದ್ರೆ?”

“ಹತ್ತುತ್ತೆ. ನಾನು ಮೆಕ್ಯಾನಿಕಲ್ ಎಂಜಿನಿಯರ್. ಹಬ್ಬಕ್ಕೆ ಅಂತ ಸೋದರತ್ತೆಯ ಅಂಗಡೀಲಿ ಕೂತಿದೀನಿ, ಅಷ್ಟೇ.”

“ಓಹೋ! ಎಂಜಿನಿಯರ್ರು!”

“ನೀವು?”

“ಎಲ್ ಸೆಂಟ್ರೋದಲ್ಲಿ ಫಿಸಿಕ್ಸ್ ಟೀಚರ್.”

“ಅಯ್ಯೋ... ಅದಕ್ಕೇ ಈ ಜಗಳ!”

ನಗಬಾರದೆಂದುಕೊಂಡಳು. ನಕ್ಕುಬಿಟ್ಟಳು.

ಅವನು ಹಿಂದಿನ ಎರಡು ಹಳೆಯ ಚಕ್ರಗಳನ್ನು ಕಳಚಿ, ಎಂಟು ಪಟ್ಟಿಯ ಹೊಸ ಟೈರಿನ ಚಕ್ರಗಳನ್ನು ಕೂರಿಸಿ, ನಟ್ಟು ಬಿಗಿದ. ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅವನ ಕೂದಲಲ್ಲಿ ಮರಳಿತ್ತು. ಮಾತಾಡುವಾಗ ಕತ್ತು ಒಂದು ಕಡೆ ವಾಲುತ್ತಿತ್ತು.

ಹೊರಡುವಾಗ ಅವನು ಕೂಗಿ ಹೇಳಿದ: “ಮೇಲೆ ಹೋದ್ಮೇಲೆ ಒಂದ್ಸಲ ನನ್ನ ನೆನಪು ಮಾಡ್ಕೊಳ್ಳಿ!”

ನೆನಪು ಮಾಡಿಕೊಂಡಳು... ಆದರೆ ಮೇಲೆ ಅಲ್ಲ!

ದಿಬ್ಬದ ಕಾಲು ಭಾಗವೂ ಏರಿರಲಿಲ್ಲ, ಗಾಡಿ ತೊಳಲಾಡತೊಡಗಿತು. ಎಂಜಿನ್ ಚೀರುತ್ತಿತ್ತು, ಚಕ್ರ ಗಿರ್ರನೆ ತಿರುಗುತ್ತಿತ್ತು, ಮರಳು ಮಾತ್ರ ಹಿಂದಕ್ಕೆ ಚಿಮ್ಮದೆ ಅತ್ತಿತ್ತ ಜಾರಿಹೋಗುತ್ತಿತ್ತು. ಇನ್ನೊಂದಿಷ್ಟು ಆಕ್ಸಿಲರೇಟರ್ ಕೊಟ್ಟಳು. ಹಿಂದಿನ ಚಕ್ರಗಳು ಅಚ್ಚಿನವರೆಗೆ ಹೂತುಹೋದವು!

ಚೂಯಿ ತನ್ನ ದೊಡ್ಡ ಗಾಡಿಯಲ್ಲಿ ಸುತ್ತು ಹೊಡೆದು ಬಂದ.

“ಏನೇ ಇದು? ಯಾರೇ ಈ ಟೈರು ಕೊಟ್ಟಿದ್ದು? ತರಕಾರಿ ಗಾಡಿಗೆ ಹಾಕೋದಾ?”

“ಸುಮ್ನೆ ಹೋಗೋ!”

“ಹಗ್ಗ ತರ್ಲಾ?”

“ಬೇಡ! ನೀವೆಲ್ಲ ಅಜ್ಜೀನ ಕರ್ಕೊಂಡು ಮೇಲೆ ಹೋಗಿ. ನಾನು ಬರ್ತೀನಿ.”

ಹೇಗೆ ಬರುವುದು? ಅವಳಿಗೇ ಗೊತ್ತಿರಲಿಲ್ಲ. ಮನೆಯವರೆಲ್ಲ ಮೇಲೆ ಹೋದರು. ಅವಳು ಮರಳಿನಲ್ಲಿ ಕುಕ್ಕರಿಸಿದಳು.

‘ಎಂಜಿನಿಯರ್ರಂತೆ! ನಕ್ಕು ನಕ್ಕು ಟೋಪಿ ಹಾಕಿಬಿಟ್ಟ... ನಾನಾದರೂ ಏನು? ಅವನ ನಗೆಗೆ ಕರಗಿ ಹೂಂ ಅಂದುಬಿಟ್ಟೆ!’

ಅದೇ ಹೊತ್ತಿಗೆ ಡೇರೆಯ ಮುಂದೆ ಎಫ್ರೇನ್‌ನ ಅತ್ತೆ ಒಫೇಲಿಯಾ ಕಾಫಿ ಲೋಟ ಹಿಡಿದು ನೆಲ ನೋಡುತ್ತಿದ್ದಳು.

“ಲೋ, ಯಾರೋ ಗಿರಾಕಿ ಬಂದಿದಾರೆ. ಎಲ್ಲಿ?”

“ಯಾರೂ ಬಂದಿಲ್ಲವಲ್ಲ ಅತ್ತೆ.”

“ಜಾಡು ಇದೆಯಲ್ಲೋ, ನೋಡು. ಸೀದಾ ನಮ್ಮ ಬಾಗಿಲಿಗೇ ಬಂದಿದೆ.”

ಎಫ್ರೇನ್ ಬಗ್ಗಿ ನೋಡಿದ. ಮರಳಿಗೆಂದೇ ಮಾಡಿದ ಈ ಪ್ಯಾಡಲ್ ಟೈರಿನ ಪಟ್ಟಿಗಳು ಬೊಗಸೆಯಂತೆ ಬಾಗಿರುತ್ತವೆ. ನೆಲದಲ್ಲಿ ಅರ್ಧಚಂದ್ರದ ಗುರುತು ಬೀಳುತ್ತದೆ, ಆ ಚಂದ್ರನ ಕೊಂಬು ನೋಡಿದರೆ ಗಾಡಿ ಯಾವ ಕಡೆ ಹೋಯಿತೆಂದು ಮರಳಿನವರೆಲ್ಲ ಹೇಳಬಲ್ಲರು. ಎಂಟು ಪಟ್ಟಿಯ ಹೊಸ ಟೈರಿನ ಜಾಡು ಅದು. ಡೇರೆಯ ಕಡೆಗೆ ಬಂದಂತೆ ತೋರಿಸುತ್ತಿತ್ತು...

ಆದರೆ ಆ ಗಾಡಿ ಬಂದಿರಲಿಲ್ಲ. ಹೋಗಿತ್ತು!

“ಅಯ್ಯಯ್ಯೋ!” ತಲೆ ಚಚ್ಚಿಕೊಂಡ. “ಎಡಗಡೆದ್ದು ಬಲಕ್ಕೆ, ಬಲಗಡೆದ್ದು ಎಡಕ್ಕೆ ಹಾಕಿಬಿಟ್ಟಿದೀನಿ ಅತ್ತೆ! ಉಲ್ಟಾ ಆಗಿದೆ! ಬೊಗಸೆ ಹಿಂದುಮುಂದಾದ್ರೆ ಮರಳು ಎಲ್ಲಿ ನಿಲ್ಲುತ್ತೆ?”

“ಏಳು ವರ್ಷದ ಹುಡುಗ ಇದ್ದಾಗಿಂದ ಟೈರು ಹಾಕ್ತಿದೀಯ. ಯಾವತ್ತಾದ್ರೂ ಈ ತಪ್ಪು ಮಾಡಿದೀಯೇನೋ?”

“ಇಲ್ಲ.”

“ಹುಡುಗಿ ಚೆನ್ನಾಗಿದ್ಲಾ?”

“ಅತ್ತೆ!”

“ಹೋಗು, ಓಡು! ಜಾಕಿನ ಕೆಳಗಿಡೋ ಹಲಗೆ ಮರೀಬೇಡ!”

ಮರಳಿನ ಮೇಲೆ ನೂರಾರು ಜಾಡುಗಳಿದ್ದವು. ಹುಡುಕುವುದು ಕಷ್ಟವಾಗಲಿಲ್ಲ. ದಿಬ್ಬದತ್ತ ಹೋದ ಗಾಡಿಗಳ ಸಾಲಿನಲ್ಲಿ ಎಲ್ಲ ಚಂದ್ರಗಳೂ ದಿಬ್ಬದ ಕಡೆ ಮುಖ ಮಾಡಿದ್ದರೆ, ಒಂದೇ ಒಂದು ಸಾಲು ಅವನ ಕಡೆಗೆ ತಿರುಗಿತ್ತು.

ಅವನ ಗಾಡಿ ಕಂಡದ್ದೇ ನೆರೇಡಾ ಧಡಕ್ಕನೆ ಎದ್ದಳು. ಕಣ್ಣೊರೆಸಿಕೊಂಡಳು.

“ಬಂದ್ರಾ ಎಂಜಿನಿಯರ್ ಸಾಹೇಬ್ರು! ನೋಡಿ ನಗೋಕೆ ಬಂದ್ರಾ?”

“ತಪ್ಪು ನಂದು.”

ಅವಳು ಮುಂದಿನ ಬೈಗುಳ ಸಿದ್ಧ ಮಾಡಿಕೊಂಡಿದ್ದಳು. ಅದು ಬಾಯಲ್ಲೇ ಉಳಿಯಿತು.

“ಟೈರು ಉಲ್ಟಾ ಹಾಕಿದೀನಿ. ಎಂಟರ ಲೆಕ್ಕ ಸರೀನೇ. ಕೈ ತಪ್ಪಿತು.”

“ಬೇಕಂತ ಮಾಡಿದ್ರಾ?”

“ಇಲ್ಲ!” ಅವನ ಕಿವಿ ಕೆಂಪಾಯಿತು. “ಟೈರಿನ ಮೇಲೆ ಬಾಣದ ಗುರುತಿರುತ್ತೆ. ಅದನ್ನ ನೋಡ್ಬೇಕಿತ್ತು. ನಾನು... ನಿಮ್ಮನ್ನ ನೋಡ್ತಿದ್ದೆ.”

ಗಾಳಿಗೆ ಮರಳು ಸರಸರನೆ ಹರಿಯಿತು. ನೆರೇಡಾ ಟೈರಿನತ್ತ ನೋಡಿದಳು. ಹೌದು, ಅಂಗೈಯಗಲದ ಬಾಣ! ಹಿಂದಕ್ಕೆ ತಿರುಗಿತ್ತು. ಪೂರ್ತಿ ಹೊತ್ತು ಪಕ್ಕದಲ್ಲೇ ನಿಂತಿದ್ದಳು. ಪಾಠ ಹೇಳುವ ಟೀಚರಿಗೆ ಬಾಣ ಯಾಕೆ ಕಾಣಲಿಲ್ಲ?

ಉತ್ತರ ಗೊತ್ತಿತ್ತು. ಹೇಳುವ ಧೈರ್ಯ ಬೇಕಿತ್ತು.

“ನಾನೂ ಟೈರು ನೋಡ್ಲಿಲ್ಲ,” ಎಂದಳು ಮೆಲ್ಲಗೆ.

ಅವನು ತಲೆಯೆತ್ತಿದ. “ಮತ್ತೆ?”

“ಜಾಕು ಹಾಕ್ರೀ ಮೊದ್ಲು!”

ಇಬ್ಬರೂ ಸೇರಿ ಕೈಯಿಂದ ಮರಳು ತೋಡಿದರು. ಹಲಗೆಯಿಟ್ಟು ಗಾಡಿ ಎತ್ತಿ, ಚಕ್ರ ಅದಲುಬದಲು ಮಾಡಿದರು. ಈ ಸಲ ಬಾಣವನ್ನು ಇಬ್ಬರೂ ಜೋರಾಗಿ ಓದಿದರು: “ಮುಂದಕ್ಕೆ!” “ಇದೂ ಮುಂದಕ್ಕೆ!”

“ಒಂದು ಮಾತು ಹೇಳ್ಲಾ?” ಕೊನೆಯ ನಟ್ಟು ಬಿಗಿಯುತ್ತ ಎಫ್ರೇನ್ ಕೇಳಿದ. “ದಾರಿಯುದ್ದಕ್ಕೂ ಎಲ್ಲರ ಜಾಡೂ ನನ್ನಿಂದ ದೂರ ಹೋಗ್ತಿತ್ತು. ನಿನ್ನದೊಂದೇ ನನ್ನ ಕಡೆಗೆ ಬರ್ತಿತ್ತು. ತಪ್ಪು ಅಂತ ಗೊತ್ತು... ಆದ್ರೂ ನೋಡೋಕೆ ಬಹಳ ಖುಷಿ ಆಯ್ತು.”

‘ನಿನ್ನದು’ ಅಂದುಬಿಟ್ಟ. ಅವಳಿಗೆ ಬೇಸರವಾಗಲಿಲ್ಲ.

“ಪಕ್ಕಕ್ಕೆ ಸರಿ. ಮರಳು ಬೀಳುತ್ತೆ ಮೇಲೆ,” ಎಂದಳು. “ತಳ್ಳಬೇಡ. ನಾನೇ ಹೋಗ್ಬೇಕು.”

“ಗೊತ್ತು.”

ಎಂಟು ಪಟ್ಟಿಗಳು ಮರಳನ್ನು ಕಚ್ಚಿದವು! ಗಾಡಿಯ ಹಿಂದೆ ಕಾರಂಜಿಯಂತೆ ಮರಳು ಚಿಮ್ಮಿತು. ಎಂಜಿನ್ನಿನ ದನಿ ಎಲ್ಲೂ ಕುಗ್ಗಲಿಲ್ಲ. ಅರ್ಧ ದಿಬ್ಬ... ಮುಕ್ಕಾಲು... ಹೋದ ವರ್ಷ ಹೂತುಹೋದ ಜಾಗ ಯಾವಾಗ ದಾಟಿತೋ ತಿಳಿಯಲೇ ಇಲ್ಲ. ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದಾಗ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಚೂಯಿ ಬಾಯಿ ತೆರೆದುಕೊಂಡು ನಿಂತಿದ್ದ. ಹಿಂದೆಯೇ ಎಫ್ರೇನ್ ಕೂಡ ಬಂದ. ಮನೆಯವರ ದೊಡ್ಡ ಬಗ್ಗಿ ಗಾಡಿಯೊಳಗೆ ಕಂಬಳಿ ಹೊದ್ದು ಕೂತಿದ್ದ ಅಜ್ಜಿ ಕಣ್ಣು ಕಿರಿದಾಗಿಸಿದಳು.

“ಇವನ್ಯಾರೇ?”

“ಟೈರು ಹಾಕಿದವನು ಅಜ್ಜಿ.”

“ಸರಿಯಾಗಿ ಹಾಕಿದ್ನಾ?”

“ಎರಡನೇ ಸಲಕ್ಕೆ.”

“ನಿಮ್ಮಜ್ಜನಿಗಿಂತ ವಾಸಿ,” ಎಂದಳು ಅಜ್ಜಿ. “ಕೂತ್ಕೊಳಪ್ಪ. ನಿನ್ನೆ ಹಬ್ಬದ ಟರ್ಕಿ ಕೋಳಿ ಉಳಿದಿದೆ, ರೊಟ್ಟೀಲಿ ಸುತ್ತಿ ಕೊಡ್ತೀನಿ.”

ಇಬ್ಬರೂ ಮರಳಿನ ಅಂಚಿನಲ್ಲಿ ಕೂತು ತಿಂದರು.

“ನಾನು ಯೂಮಾದಲ್ಲಿರೋದು,” ಎಂದ ಅವನು. “ಎಲ್ ಸೆಂಟ್ರೋ ದೂರ ಆಗುತ್ತಾ?”

“ನೀನು ಎಂಜಿನಿಯರ್ ತಾನೆ? ಅಳೆದು ನೋಡು.”

ಮುಂದಿನ ಭಾನುವಾರ ಅವನು ಬಾಗಿಲು ತಟ್ಟಿದ. ನೆರೇಡಾ ತೆರೆದಳು. ಅವನ ಕೈಯಲ್ಲಿ ಹೂವಿತ್ತು, ಮುಖದಲ್ಲಿ ಗಾಬರಿಯಿತ್ತು.

“ಎಷ್ಟಾಯ್ತು?”

“ನನ್ನ ಬಾಗಿಲಿಂದ ನಿನ್ನ ಬಾಗಿಲಿಗೆ,” ಎಂದ ಎಫ್ರೇನ್, “ಐವತ್ತೊಂಬತ್ತೂವರೆ ಮೈಲಿ.”