ಮೊಂಡಿಗೆ ನೀರೆರೆದವರು

"ನನ್ ಗಂಡ ಸುಳ್ಳು ಹೇಳ್ತಿದ್ದಾನೆ, ಅನಿಸ್ಯಾ. ಮಾಡದೇ ಇರೋ ತಪ್ಪನ್ನ ಮಾಡ್ದೆ ಅಂತ ಒಪ್ಕೊಂಡು, ಗೋಡೆ ಕಡೆ ತಿರುಗಿ ಮಲಗಿದ್ದಾನೆ."

ಬಾಗಿಲು ಮುಚ್ಚುವ ಮೊದಲೇ ಸ್ತೆಪಾನಿದಾ ಇಷ್ಟನ್ನೂ ಹೇಳಿಬಿಟ್ಟಳು. ಅವಳ ಬೆನ್ನಿಗೇ ನುಗ್ಗಿದ ಚಳಿಯ ಹೊಗೆ ಹವಾಮಾನ ಕೇಂದ್ರದ ನೆಲದ ಮೇಲೆ ಉರುಳಿ ಒಲೆಯ ಬುಡದಲ್ಲಿ ಕರಗಿತು. ಟೀ ಬಟ್ಟಲು ಹಿಡಿದು ಕೂತಿದ್ದ ಕೆಶಾ ಎದ್ದು ತನ್ನ ಸ್ಟೂಲು ಬಿಟ್ಟುಕೊಟ್ಟ. ಖಾರ್‌ಕ್ಯೋಲ್ ಹಳ್ಳಿಯ ಶಾಲೆ, ಅಂಗಡಿಗಳನ್ನು ಬಿಸಿನೀರಿನ ಪೈಪಿನಿಂದ ಬೆಚ್ಚಗಿಡುವ ಬಾಯ್ಲರ್ ಮನೆಗೆ ಕಲ್ಲಿದ್ದಲು ಹಾಕುವವನು ಅವನು. ಪಾಳಿ ಮುಗಿದ ಮೇಲೆ ಅನಿಸ್ಯಕ್ಕನ ಬಳಿ ಟೀ ಕುಡಿಯದೆ ಮನೆಗೆ ಹೋದವನಲ್ಲ.

ಅನಿಸ್ಯಾಗೆ ಆಗ ಅರವತ್ತೆಂಟು. ಮೂವತ್ತೊಂಬತ್ತು ವರ್ಷದಿಂದ ದಿನಕ್ಕೆ ಎಂಟು ಸಲ ಉಷ್ಣಮಾಪಕ ನೋಡಿ ಬರೆದಿಟ್ಟ ಕಣ್ಣು ಅವಳದು. ಅಂಥ ಕಣ್ಣಿರುವ ಊರಲ್ಲಿ ಯಾರೂ ಏನನ್ನೂ ಬಹಳ ದಿನ ಬಚ್ಚಿಡಲಾಗುತ್ತಿರಲಿಲ್ಲ. ಶಾಲೆಯ ಗಂಟೆ ಯಾರ ಕೊಟ್ಟಿಗೆ ಸೇರಿತು, ಅಂಗಡಿಯ ಬೀಗ ಯಾರು ಮುರಿದರು ಎಂಬುದನ್ನೆಲ್ಲ ಹೇಳಿದವಳು ಅವಳೇ. ಪೊಲೀಸಿನವನು ಇನ್ನೂರು ಕಿಲೋಮೀಟರ್ ದೂರದಲ್ಲಿದ್ದ, ಅನಿಸ್ಯಾ ಇಲ್ಲೇ ಇದ್ದಳು.

"ಮೊದಲು ಟೀ ಕುಡಿ. ಮೊಂಡಿಗೆ ಏನಾಯ್ತು?" ಎಂದಳು.

"ಒಡೆದುಹೋದ್ಲು. ಎಂಜಿನ್ನಿನ ಹೊಟ್ಟೆ ಬಿರಿದಿದೆ. ನಿನ್ನೆ ಸಾಯಂಕಾಲ ನೀರು ಇಳಿಸೋದು ಮರ್ತೆ ಅಂತಾನೆ ಪ್ರೊಕೋಪಿ. ನಲವತ್ತು ವರ್ಷದಲ್ಲಿ ಒಂದಿನ ಮರೆಯದೋನು!"

ಮೊಂಡಿ ಎಂದರೆ ಪ್ರೊಕೋಪಿಯ ಟ್ರಕ್ಕು. ಸೇನೆಯವರು ಹಳೆಯದಾಯಿತೆಂದು ಬಿಟ್ಟ ಮೂರು ಟ್ರಕ್ಕುಗಳು ಹಿಂದೆ ಊರಿಗೆ ಬಂದಿದ್ದವು. ಒಂದನ್ನು ಬಿಚ್ಚಿ ಉಳಿದೆರಡಕ್ಕೆ ಹಂಚಿದ್ದರು. ಹೆಪ್ಪುಗಟ್ಟಿದ ನದಿಯ ಮೇಲೆ ಹಿಟ್ಟು, ಔಷಧಿ, ಸೀಮೆಎಣ್ಣೆ ತರುವವಳು ಈಗ ಮೊಂಡಿಯೊಬ್ಬಳೇ. ಬೆಚ್ಚಗಿನ ಗ್ಯಾರೇಜು ಇಲ್ಲ, ಇರುವುದು ಮರದ ದಿಮ್ಮಿಯ ಕೊಟ್ಟಿಗೆ. ಆದ್ದರಿಂದ ಸಾಯಂಕಾಲ ಬಂದೊಡನೆ ಎಂಜಿನ್ನಿನ ನೀರನ್ನೆಲ್ಲ ನೆಲಕ್ಕೆ ಇಳಿಸಿ ಕೌದಿ ಹೊದಿಸಬೇಕು, ಬೆಳಿಗ್ಗೆ ಬಿಸಿನೀರು ಎರೆದು ಎಬ್ಬಿಸಬೇಕು. ಮರೆತರೆ ನೀರು ಕಲ್ಲಾಗಿ ಕಬ್ಬಿಣವನ್ನೇ ಸೀಳುತ್ತದೆ. ಅದನ್ನು ಮರೆತ ಚಾಲಕನಿಗೆ ಆ ಸೀಮೆಯಲ್ಲಿ ಮತ್ತೆ ಯಾರೂ ಸ್ಟೀರಿಂಗ್ ಚಕ್ರ ಕೊಡುವುದಿಲ್ಲ.

"ಐದು ಗಂಟೆಗೆ ಸಭೆ ಕರೆದಿದ್ದಾನೆ ವಲೆರಿಯಾನ್. ಟ್ರಕ್ಕು ಗುಜರಿಗೆ, ಮುದುಕ ಮನೆಗೆ ಅಂತೆ," ಎಂದಳು ಸ್ತೆಪಾನಿದಾ. ವಲೆರಿಯಾನ್ ಊರಿನ ಮುಖ್ಯಸ್ಥ. "ಅನಿಸ್ಯಾ, ಅವನು ಆ ಚಕ್ರ ಬಿಟ್ರೆ ಬೇಸಿಗೆ ನೋಡಲ್ಲ ಕಣೇ. ನಂಗೊತ್ತು."

"ಇಳಿಸಿದ್ದ ಅಂತ ನಿಂಗೆ ಹೇಗೆ ಗೊತ್ತು?"

"ಮಂಡಿ ಊರಿ ನಲ್ಲಿ ತಿರುಗಿಸ್ತಾನಲ್ಲ, ಪ್ಯಾಂಟಿಗೆ ಕೆಂಪು ಐಸು ಮೆತ್ಕೊಂಡಿತ್ತು. ನಾನೇ ಒಲೆ ಹತ್ರ ಒಣಗಿಸ್ದೆ."

"ಬೆಳಿಗ್ಗೆ ನೀರು ಕಾಯಿಸಿಕೊಡೋದು ನೀನೇನಾ?"

"ಎರಡು ಚಳಿಗಾಲದಿಂದ ಬೇಡ ಅಂತಾನೆ. ಅಲ್ಲೇ ಆಗತ್ತೆ ಬಿಡೇ ಅಂತಾನೆ. ಯಾವ ಮಾಯದಲ್ಲಿ ಆಗತ್ತೋ!" ಸ್ತೆಪಾನಿದಾ ಕಣ್ಣೊರೆಸಿಕೊಂಡಳು. "ಇದು ಸಾವ್ವಾನದ್ದೇ ಕೆಲಸ. ಇವನ ಬೆರಳು ಹೋಗಿದ್ದೂ ಅವನಿಂದಲೇ."

ಎರಡನೆಯ ಟ್ರಕ್ಕಿನ ಹೆಸರು ಕಂದಿ, ಅದರ ಚಾಲಕ ಸಾವ್ವಾ. ಅವನಿಗೂ ಪ್ರೊಕೋಪಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮೂರನೆಯ ಟ್ರಕ್ಕನ್ನು ಬಿಚ್ಚಿದಾಗ ಅದರ ಹೀಟರ್ ಯಾರಿಗೆ ಎಂದು ಶುರುವಾದ ಜಗಳ, ಹೀಟರ್ ಸಾವ್ವಾನ ಪಾಲಾದ ಮೇಲೆ ಹನ್ನೊಂದು ವರ್ಷ ಮಾತಿಲ್ಲದೆ ನಡೆದಿತ್ತು. ಎರಡು ಚಳಿಗಾಲದ ಹಿಂದೆ ಕಂದಿ ಹೆಪ್ಪುಗಟ್ಟಿದ ನದಿಯ ಮೇಲೆ ನಿಂತುಬಿಟ್ಟಾಗ, ಹಿಂದೆ ಬರುತ್ತಿದ್ದ ಪ್ರೊಕೋಪಿ ಇಳಿದು ಬರಿಗೈಯಲ್ಲಿ ಅದರ ಪಂಪು ಸರಿಮಾಡಿದ. ಆಗಲೂ ಒಬ್ಬರೂ ಬಾಯಿ ಬಿಡಲಿಲ್ಲ. ಆ ಚಳಿಗೆ ಪ್ರೊಕೋಪಿಯ ಮೂರು ಬೆರಳು ಹೋದವು. ಕಂದಿಯೂ ಉಳಿಯಲಿಲ್ಲ, ಊರು ಮುಟ್ಟಿದ ವಾರಕ್ಕೇ ಗೇರ್ ಪೆಟ್ಟಿಗೆ ಮುರಿದು ದಿಮ್ಮಿಗಳ ಮೇಲೆ ಕೂತಿತು.

ಅನಿಸ್ಯಾ ನಾಯಿಚರ್ಮದ ಕೈಗವಸು ಏರಿಸಿದಳು. "ಕೆಶಾ, ಕೊಡಲಿ ತಗೋ."

ಕೊಟ್ಟಿಗೆಯಲ್ಲಿ ಮೊಂಡಿ ಹಳೇ ಸೇನಾಕೋಟುಗಳಿಂದ ಹೊಲಿದ ಕೌದಿ ಹೊದ್ದು ನಿಂತಿದ್ದಳು. ಕೌದಿ ಎತ್ತಿದಾಗ ಎಂಜಿನ್ನಿನ ಮೈಮೇಲೆ ಒಂದು ಗೇಣುದ್ದದ ಬಿರುಕು, ಬಿರುಕಿನ ತುಂಬ ಮಂಜುಗಡ್ಡೆ. ಕೆಶಾ ಬಿರುಕಿನ ಮೇಲೆ ಕೈಗವಸು ಆಡಿಸಿ ಮೂಗೆಳೆದ. ಅವನಿಗೆ ಗೇರು ಹಾಕಲು ಕಲಿಸಿದ್ದು ಇದೇ ಟ್ರಕ್ಕು, ಇದೇ ಪ್ರೊಕೋಪಿ ಮಾವ.

"ಅಳೋದು ಆಮೇಲೆ. ಬಿರುಕಿನೊಳಗಿನ ಐಸು ಯಾವ ಬಣ್ಣ?"

"ಬಣ್ಣ ಏನಕ್ಕಾ... ತಿಳಿಯಾಗಿದೆ. ಗಾಜಿನ ಹಾಗೆ."

"ನಿನ್ನ ಬಾಯ್ಲರ್ ನೀರು?"

"ಅದು ಕೆಂಪು. ಪೈಪೆಲ್ಲ ತುಕ್ಕಲ್ವಾ? ಹಾಗಂತ ಒಂದು ಲೋಟ ಹೊರಗೆ ಕೊಟ್ರೂ ವಲೆರಿಯಾನ್ ನನ್ನ ಕೆಲಸದಿಂದ ತೆಗೀತಾನೆ. ಹೋದ ವರ್ಷದಿಂದ ಆರ್ಡರು."

ಅನಿಸ್ಯಾ ಟ್ರಕ್ಕಿನ ಕೆಳಗೆ ಬಗ್ಗಿದಳು. ನಲ್ಲಿಯ ಕೆಳಗೆ, ಚಳಿಗಾಲವಿಡೀ ನೀರು ಬಿದ್ದು ಬಿದ್ದು, ಮೊಳಕಾಲೆತ್ತರ ಮಂಜಿನ ದಿಬ್ಬ ಬೆಳೆದಿತ್ತು. "ಇದರಿಂದ ಒಂದು ಚೂರು ಕಡಿ. ಮೇಲಿಂದ ಕೆಳಗಿನವರೆಗೂ ಬರಲಿ, ಮುರೀಬೇಡ."

ಕೆಶಾ ಕಡಿದುಕೊಟ್ಟ. ಅವಳು ಅದನ್ನು ಟಾರ್ಚಿನ ಮುಂದೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಮುಖ ಮೆತ್ತಗಾದದ್ದು ಕೆಶಾನಿಗೆ ಕಂಡಿತು. ಏಕೆಂದು ತಿಳಿಯಲಿಲ್ಲ. ಅವನ ಕಣ್ಣಿಗೆ ಅದು ಕೆಂಪು, ಬಿಳಿ ಪಟ್ಟೆಯ ಕೊಳಕು ಮಂಜುಗಡ್ಡೆ, ಅಷ್ಟೇ.

"ಈಗ ಸಾವ್ವಾನ ಮನೆಗೆ," ಎಂದಳು.

ಸಾವ್ವಾ ಒಂಟಿ. ಬಾಗಿಲ ಪಕ್ಕದಲ್ಲಿ, ಎಲ್ಲರ ಮನೆಯಂತೆ, ಕುಡಿಯುವ ನೀರಿಗೆಂದು ಕೆರೆಯಿಂದ ಕೊಯ್ದು ತಂದ ಮಂಜುಗಡ್ಡೆಯ ರಾಶಿ ಇತ್ತು. ರಾಶಿ ಎನ್ನುವುದು ಮಾತಿಗೆ, ಉಳಿದಿದ್ದು ನಾಲ್ಕೇ ಗಡ್ಡೆ. ಏಳು ಜನರಿರುವ ಪಕ್ಕದ ಮನೆಯ ಮುಂದೆ ಇನ್ನೂ ಇಪ್ಪತ್ತು ಇದ್ದವು. ಫೆಬ್ರವರಿ ಇನ್ನೂ ಮುಗಿದಿರಲಿಲ್ಲ.

ಒಳಗೆ ಸಾವ್ವಾ ಈಗಷ್ಟೇ ಬಂದವನಂತೆ ಹುಬ್ಬಿನ ಮೇಲೆ ಹಿಮ ಹೊತ್ತು ಕೂತಿದ್ದ. ಒಲೆಯ ಮೇಲೆ ಎರಡು ದೊಡ್ಡ ಬಕೆಟ್ಟು ಬೋರಲಾಗಿದ್ದವು. ಅತಿಥಿಗಳಿಗೆಂದು ಹೆಪ್ಪುಗಟ್ಟಿದ ಮೀನನ್ನು ಚಾಕುವಿನಿಂದ ಸುರುಳಿ ಸುರುಳಿಯಾಗಿ ಹೆರೆದುಕೊಟ್ಟ. ಹೆಬ್ಬೆರಳು, ತೋರುಬೆರಳು ಎರಡನ್ನೂ ಮೇಲಕ್ಕೆತ್ತಿ, ಉಳಿದ ಮೂರರಲ್ಲೇ ಚಾಕು ಹಿಡಿದಿದ್ದ.

"ಎಲ್ಲಿಗೆ ಹೋಗಿದ್ಯೋ?" ಅನಿಸ್ಯಾ ಕೇಳಿದಳು.

"ಕೆರೆ ಆಚೆ, ಕುದುರೆ ನೋಡಕ್ಕೆ. ಆರೂವರೆಗೆ ಹೊರಟೋನು, ಈಗ ಬಂದೆ."

"ಹಾಗಾದ್ರೆ ಗೊತ್ತಿಲ್ಲ ನಿಂಗೆ. ಮೊಂಡಿ ಒಡೆದುಹೋದ್ಲು."

ಚಾಕು ನಿಂತಿತು. "ಅವನು ಹೋಗ್ಲಿಲ್ವಾ ಇವತ್ತು?"

"ಇಲ್ಲ. ನೀರಿಳಿಸೋದು ಮರ್ತೆ ಅಂತಾನೆ. ಸಾಯಂಕಾಲ ಬಾಯ್ಲರ್ ಮನೇಲಿ ತೀರ್ಮಾನ."

ಸಾವ್ವಾ ಚಾಕು ಕೆಳಗಿಟ್ಟ. ಹೊರಗೆ ಬಂದ ಮೇಲೆ ಕೆಶಾ ಹಲ್ಲು ಕಡಿದ. "ಅವನೇ ಅಕ್ಕಾ! ಮುಖ ನೋಡಿದ್ಯಾ?"

"ಮುಖ ನೋಡಿದ್ದು ನೀನು. ನಾನು ಬೆರಳು ನೋಡ್ದೆ."

ಐದು ಗಂಟೆಗೆ ಬಾಯ್ಲರ್ ಮನೆ ತುಂಬಿತು. ಊರಿನಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಅದೇ. ಪ್ರೊಕೋಪಿ ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಬೆರಳಿಲ್ಲದ ಕೈಯನ್ನು ಅದರ ಅಡಿ ಮುಚ್ಚಿ ಕೂತಿದ್ದ. ಒಂದೇ ದಿನದಲ್ಲಿ ಕುಗ್ಗಿಹೋಗಿದ್ದ. ಸಾವ್ವಾ ಬಾಗಿಲ ಬಳಿ ಕೈಗವಸು ತೆಗೆಯದೆ ನಿಂತಿದ್ದ.

"ತಪ್ಪು ಒಪ್ಕೊಂಡಾಗಿದೆ. ಇನ್ನೇನಿದೆ ಮಾತಾಡಕ್ಕೆ?" ಎಂದ ವಲೆರಿಯಾನ್.

"ಒಪ್ಕೊಂಡಿರೋದು ಸುಳ್ಳು, ಅದಿದೆ," ಎಂದು ಅನಿಸ್ಯಾ ತಟ್ಟೆಯೊಂದನ್ನು ಬೆಂಚಿನ ಮೇಲಿಟ್ಟಳು. ಅದರಲ್ಲಿ ಎಂಜಿನ್ನಿನ ಬಿರುಕಿನಿಂದ ತೆಗೆದ ಚೂರು, ಪಕ್ಕದಲ್ಲಿ ಪಟ್ಟೆಪಟ್ಟೆಯ ಗಡ್ಡೆ. "ದಿನವಿಡೀ ಓಡಿದ ಮುದಿ ಎಂಜಿನ್ನಿಂದ ಇಳಿಯೋ ನೀರು ಯಾವ ಬಣ್ಣ, ಪ್ರೊಕೋಪಿ?"

"ಕೆಂಪು," ಎಂದ ಅವನು ನೆಲ ನೋಡುತ್ತ. "ತುಕ್ಕು."

"ನಿನ್ನೆ ನೀರು ಒಳಗೇ ನಿಂತಿದ್ರೆ ಬಿರುಕಿನ ಐಸು ಕೆಂಪಗಿರ್ಬೇಕಿತ್ತು. ಇದು ಗಾಜಿನ ಹಾಗಿದೆ. ಅಂದ್ರೆ ಇದು ಹೊಸ ನೀರು. ಎಂಜಿನ್ನು ಒಂದು ಸುತ್ತೂ ತಿರುಗದೆ ಇದ್ದಾಗ, ಇವತ್ತು ಬೆಳಿಗ್ಗೆ ಎರೆದ ನೀರು. ನೀನು ನಿನ್ನೆ ಇಳಿಸಿದ್ದೆ. ನಿನ್ನ ಹೆಂಡತಿ ಒಣಗಿಸಿದ ಪ್ಯಾಂಟೂ ಅದನ್ನೇ ಹೇಳತ್ತೆ."

ಸ್ತೆಪಾನಿದಾ ಜೋರಾಗಿ ಉಸಿರುಬಿಟ್ಟಳು. "ಹಾಗಾದ್ರೆ ಬೇಕಂತ ಒಡೆದ್ರು!" ಎಂದು ಯಾರೋ ಕೂಗಿದರು. ಹತ್ತಾರು ತಲೆಗಳು ಸಾವ್ವಾನ ಕಡೆ ತಿರುಗಿದವು.

"ತಾಳಿ. ನಂಗೂ ಹಾಗೇ ಅನ್ನಿಸಿತ್ತು, ಇದನ್ನ ನೋಡೋವರೆಗೂ." ಅನಿಸ್ಯಾ ಪಟ್ಟೆಯ ಗಡ್ಡೆಯನ್ನು ಎತ್ತಿ ದೀಪಕ್ಕೆ ಹಿಡಿದಳು. "ಇದು ಮೊಂಡಿಯ ಕೆಳಗಿನ ದಿಬ್ಬ. ಕೆಂಪು ಪಟ್ಟೆ ಸಾಯಂಕಾಲ ಇಳಿಸಿದ ನೀರು. ಬಿಳಿ ಪಟ್ಟೆ ಏನು? ಬೆಳಿಗ್ಗೆ ನಲ್ಲಿ ತೆರೆದಿಟ್ಟು, ಕಬ್ಬಿಣ ಬೆಚ್ಚಗಾಗೋವರೆಗೂ ಬಿಸಿನೀರು ಹರಿಸಿ ಆಮೇಲೆ ಮುಚ್ತಾರಲ್ಲ, ಆ ನೀರು. ಬುಡದಿಂದ ಒಂದು ಬಿಳಿ, ಒಂದು ಕೆಂಪು, ಒಂದು ಬಿಳಿ, ಒಂದು ಕೆಂಪು. ಮೂವತ್ತೊಂದು ಜೊತೆ ಎಣಿಸ್ದೆ. ಈ ಚಳಿಗಾಲ ಮೊಂಡಿ ಹೋಗಿಬಂದ ದಿನಗಳೂ ಮೂವತ್ತೊಂದೇ, ನನ್ನ ಪುಸ್ತಕದಲ್ಲಿದೆ. ಎಲ್ಲಕ್ಕಿಂತ ಮೇಲೆ ಒಂಟಿಯಾಗಿ ಕೂತಿರೋ ಬಿಳಿ ಪಟ್ಟೆ ಇವತ್ತಿನದು. ಒಡೆಯೋ ಮನಸ್ಸಿರೋನು ಮೂವತ್ತೊಂದು ದಿನ ಬೆಚ್ಚಗೆ ಮಾಡಿಡ್ತಾನಾ?"

ಸಾವ್ವಾನ ಕಡೆ ತಿರುಗಿದ್ದ ತಲೆಗಳು ಮತ್ತೆ ಗಡ್ಡೆಯ ಕಡೆ ತಿರುಗಿದವು.

"ಯಾರೋ ಒಬ್ರು ಬೆರಳಿಲ್ಲದ ಮುದುಕ ಬರೋ ಮೊದಲೇ ನೀರೆರೆದು ಹೋಗ್ತಿದ್ರು. ಪ್ರೊಕೋಪಿಗೂ ಅದು ಗೊತ್ತಿತ್ತು. ಮಾಮೂಲಾಗಿ ಚಳಿ ಜಾಸ್ತಿ ಇದ್ರೆ ಹಿಂದಿನ ಸಾಯಂಕಾಲವೇ ನಾನು ರೇಡಿಯೋದಲ್ಲಿ ಟ್ರಕ್ಕು ಬೇಡ ಅಂತೀನಿ. ಇವತ್ತು ಬೆಳಗಿನ ಜಾವ ಮೂರು ಗಂಟೆಗೆ ಸೊನ್ನೆಗಿಂತ ಐವತ್ತು ಕೆಳಗಿದ್ದದ್ದು ಆರಕ್ಕೆ ಐವತ್ತಾರಕ್ಕಿಳೀತು. ಟ್ರಕ್ಕು ಬೇಡ ಅಂತ ನಾನು ಹೇಳಿದ್ದು ಏಳಕ್ಕೆ. ಅಷ್ಟರಲ್ಲಿ ನೀರೆರೆದೋರು ಎರೆದು ಹೋಗಿಯಾಗಿತ್ತು. ನನ್ನ ಬಾಯಿಯೂ ಇದರಲ್ಲಿ ಪಾಲುದಾರ. ಪ್ರೊಕೋಪಿ, ಯಾರನ್ನ ಉಳಿಸಕ್ಕೆ ಸುಳ್ಳು ಹೇಳಿದ್ದು?"

ಮುದುಕ ತಲೆಯೆತ್ತಿ ಕೆಶಾನ ಕಡೆ ನೋಡಿದ.

"ನನ್ನನ್ನಾ?" ಕೆಶಾ ತೊದಲಿದ.

"ಬಿಸಿನೀರು ಇನ್ಯಾರ ಹತ್ರ ಇದೆಯೋ? ಕದ್ದು ತಂದು ಎರೀತೀಯ, ಬಾಯಿ ಬಿಟ್ರೆ ನಿನ್ನ ಅನ್ನ ಹೋಗತ್ತೆ ಅಂದ್ಕೊಂಡಿದ್ದೆ. ಏಳರ ರೇಡಿಯೋ ಕೇಳಿದ ಮೇಲೇ ಎರೀತೀಯ, ಇನ್ನೂ ಎರೆದಿರಲ್ಲ ಅಂತ ಇವತ್ತು ನಾನೂ ನಿಶ್ಚಿಂತೆಯಾಗಿ ಟೀ ಕುಡೀತಾ ಕೂತೆ. ಹತ್ತು ಗಂಟೆಗೆ ಹೋಗಿ ನೋಡಿದ್ರೆ..." ಅವನು ಟೊಪ್ಪಿಗೆಯನ್ನು ಮೊಣಕಾಲ ಮೇಲೆ ಒಂದು ಸುತ್ತು ತಿರುಗಿಸಿದ. "ನನ್ನ ಕಾಲ ಮುಗೀತು. ನೀನು ಮಕ್ಕಳಿರೋನು."

ಕೆಶಾನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಯುವ ನೀರಿನ ಪಕ್ಕದಲ್ಲೇ ಎರಡು ಚಳಿಗಾಲ ಕೂತಿದ್ದ ಅವನಿಗೆ, ಮಾವನಿಗೆ ಒಂದು ಬಕೆಟ್ಟು ಕೊಡೋಣವೆಂದು ಒಮ್ಮೆಯೂ ಹೊಳೆದಿರಲಿಲ್ಲ. "ನಾನಲ್ಲ ಮಾವ. ನಾನಾಗಿದ್ರೆ ಚೆನ್ನಾಗಿತ್ತು," ಎಂದಷ್ಟೇ ಹೇಳಲಾಯಿತು.

"ಇವನಲ್ಲ. ಇವನ ನೀರೂ ಕೆಂಪೇ," ಎಂದಳು ಅನಿಸ್ಯಾ. "ತಿಳಿನೀರು ಅಂದ್ರೆ ಕುಡಿಯೋ ಐಸು, ಮನೆಯಿಂದ ಬಂದದ್ದು. ಒಬ್ಬಂಟಿಯಾಗಿದ್ರೂ ಫೆಬ್ರವರಿಗೇ ಐಸಿನ ರಾಶಿ ಖಾಲಿ ಮಾಡ್ಕೊಂಡೋರು ಯಾರು? ಇವತ್ತು ಆರೂವರೆಗೇ ಕೆರೆ ದಾಟಿ, ರೇಡಿಯೋ ಕೇಳದೆ ಹೋದೋರು ಯಾರು? ಆ ಹಿತ್ತಾಳೆ ನಲ್ಲಿ ಕೈಗವಸಿಗೆ ಸಿಗಲ್ಲ, ಬರಿಬೆರಳಲ್ಲೇ ತಿರುಗಿಸ್ಬೇಕು. ಈ ಚಳೀಲಿ ಅದು ಚರ್ಮ ಕಿತ್ಕೊಳ್ಳತ್ತೆ. ತನ್ನ ಟ್ರಕ್ಕು ಎರಡು ಚಳಿಗಾಲದಿಂದ ದಿಮ್ಮಿ ಮೇಲೆ ಕೂತಿದ್ರೂ ಬೆರಳ ತುದಿ ಹಸಿ ಹಸಿ ಸುಟ್ಕೊಂಡಿರೋ ಚಾಲಕ ಒಬ್ಬನೇ ಇದ್ದಾನೆ. ಹೆಸರು ನಾನು ಹೇಳಲ್ಲ."

ಸಾವ್ವಾ ನಿಧಾನವಾಗಿ ಬಲಗೈ ಕೈಗವಸು ತೆಗೆದ. ಹೆಬ್ಬೆರಳಿನ, ತೋರುಬೆರಳಿನ ತುದಿ ಸುಲಿದು ಕೆಂಪಾಗಿದ್ದವು.

"ಹೇಳೋಣ ಅಂತಲೇ ಬಂದೆ," ಎಂದ. "ಒಡೆದೆ ಅನ್ನೋದು ಕಷ್ಟ ಆಗಿರ್ಲಿಲ್ಲ. ಯಾಕೆ ಎರೀತಿದ್ದೆ ಅಂತ ಕೇಳಿದ್ರೆ ಏನನ್ಲಿ?" ಅವನು ಅನಿಸ್ಯಾಳನ್ನು ನೋಡುತ್ತಲೇ ಮಾತಾಡಿದ, ಪ್ರೊಕೋಪಿಯ ಕಡೆ ತಿರುಗಲಿಲ್ಲ. "ಅವನ ಮೂರು ಬೆರಳು ನನ್ನ ಪಂಪಿನಲ್ಲಿವೆ. ಉಳಿದ ಏಳಾದ್ರೂ ಇರ್ಲಿ ಅಂತ."

ಸ್ತೆಪಾನಿದಾ ಅಳತೊಡಗಿದಳು. ವಲೆರಿಯಾನ್ ಎರಡು ಸಲ ಕೆಮ್ಮಿದ. ಅವನೂ ಕೆಟ್ಟವನಲ್ಲ, ಆದರೆ ಒಡೆದದ್ದು ಒಡೆದದ್ದೇ. "ಸರಿ, ಪ್ರೊಕೋಪಿ ತಪ್ಪಿಲ್ಲ. ಆದ್ರೆ ಎಂಜಿನ್ನು? ಚಕ್ರ ಕೊಟ್ರೂ ಓಡ್ಸೋದು ಏನನ್ನ?"

"ಕಂದಿಯ ಎಂಜಿನ್ನು ಗಟ್ಟಿಮುಟ್ಟಾಗಿದೆ," ಎಂದ ಸಾವ್ವಾ. "ಮೊಂಡಿಗೆ ಹಾಕ್ಕೊಳ್ಳಿ."

ಕಂದಿಯನ್ನು ಮತ್ತೆ ಎಬ್ಬಿಸುತ್ತೇನೆಂದು ಎರಡು ವರ್ಷ ಕನಸು ಕಂಡವನು ಅವನು. ಅದು ಎಲ್ಲರಿಗೂ ಗೊತ್ತಿತ್ತು.

ಪ್ರೊಕೋಪಿ ಎದ್ದ. ಟೊಪ್ಪಿಗೆ ಕೆಳಗೆ ಬಿತ್ತು. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಸಾವ್ವಾನ ಮುಖ ನೋಡಿ ಬಾಯಿ ತೆರೆದ.

"ಹೀಟರ್ ಸಮೇತಾನಾ?"

ಸಾವ್ವಾ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. "ಸಮೇತ. ಆದ್ರೆ ಹೀಟರ್ ಪಕ್ಕದ ಸೀಟು ನಂದು."

"ಕೂತ್ಕೋ," ಎಂದ ಪ್ರೊಕೋಪಿ. "ಗೇರ್ ಬಗ್ಗೆ ಬುದ್ಧಿ ಹೇಳಿದ್ರೆ ನದಿ ಮಧ್ಯೆ ಇಳಿಸ್ತೀನಿ."

ಎಂಜಿನ್ನು ಬದಲಿಸಲು ಒಂಬತ್ತು ದಿನ ಹಿಡಿಯಿತು. ಬಿಸಿನೀರು ಹೊರಗೆ ಕೊಡಬಾರದೆಂಬ ತನ್ನ ಆರ್ಡರನ್ನು ವಲೆರಿಯಾನ್ ತಾನೇ ಹರಿದು ಬಾಯ್ಲರಿಗೆ ಹಾಕಿದ. ಅನಿಸ್ಯಾ ದಿನಕ್ಕೆ ಒಂಬತ್ತನೆಯ ಸಲವೂ ಉಷ್ಣಮಾಪಕ ನೋಡತೊಡಗಿ, ಬೆಳಗಿನ ರೇಡಿಯೋದ ಹೊತ್ತನ್ನು ಏಳರಿಂದ ಐದೂವರೆಗೆ ತಂದಳು. ಹತ್ತನೆಯ ಬೆಳಿಗ್ಗೆ, ನಲವತ್ತೇಳರ ಚಳಿಯಲ್ಲಿ, ಎರಡು ಬಕೆಟ್ಟು ಕೆಂಪು ಬಿಸಿನೀರು ಹೊತ್ತು ಕೆಶಾ ಕೊಟ್ಟಿಗೆಗೆ ಹೋದ. ಒಳಗೆ ಆಗಲೇ ಹೀಟರಿನ ಜಗಳ ಮತ್ತೆ ಶುರುವಾಗಿತ್ತು. ಸಾವ್ವಾ ನಲ್ಲಿಗೆ ಕೈ ಚಾಚಿದಾಗ ಪ್ರೊಕೋಪಿ ಅವನನ್ನು ತಡೆದು, ಸ್ತೆಪಾನಿದಾ ಹೊಲಿದುಕೊಟ್ಟ ಎರಡು ಬೆರಳಿನ ತೆಳ್ಳನೆಯ ಮೊಲದ ಚರ್ಮದ ಚೀಲವನ್ನು ಅವನ ಹೆಬ್ಬೆರಳಿಗೂ ತೋರುಬೆರಳಿಗೂ ಏರಿಸಿ, ಬೈಯುತ್ತಲೇ ಅದರ ದಾರವನ್ನು ತನ್ನ ಏಳು ಬೆರಳಲ್ಲಿ ಕಟ್ಟಿದ.