ಏಳನೇ ಠರಾವು

ನಾಲ್ಕು ಜನರ ಮುಂದೆ ನನಗೆ ದನಿಯೇ ಹೊರಡಲ್ಲ. ಈ ಕೆಲಸವೂ ಹಂಗೇ ಕೈ ತಪ್ಪುತ್ತೆ. ಡೈರಿಯಲ್ಲಿ ಇಷ್ಟು ಬರೆದು ಸುಚಿತ್ರಾ ಪೆನ್ನು ಮುಚ್ಚಿದಳು.

ಜಗಳೂರಿನಿಂದ ಬಂದು, ನ್ಯಾಮತಿಯಲ್ಲಿ ರೂಮು ಮಾಡಿ, ಸವಳಂಗದ ಕಡೆಯ ಈ ಪಂಚಾಯ್ತಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಆರು ತಿಂಗಳಾಗಿತ್ತು. ಅದೂ ತಾತ್ಕಾಲಿಕ. ಈಗ ಊರಿನ ಗ್ರಂಥಾಲಯಕ್ಕೆ ಮೇಲ್ವಿಚಾರಕಿ ಬೇಕಾಗಿತ್ತು. ಪುಸ್ತಕದ ನಡುವೆ ಬಾಯಿ ಮುಚ್ಚಿಕೊಂಡು ಕೂರುವ ಕೆಲಸ, ಅವಳಿಗೆಂದೇ ಹುಟ್ಟಿದಂತಿತ್ತು. ಆದರೆ ಸಭೆಯ ತೀರ್ಮಾನ ಬೇರೆಯೇ ಆಯಿತು: ಅರ್ಜಿ ಕರೆಯೋದು, ಬಂದವರನ್ನು ಊರವರ ಎದುರೇ ಮಾತಾಡಿಸಿ ಆರಿಸೋದು.

ಅದೃಷ್ಟಕ್ಕೆ, ಬೋರ್‌ವೆಲ್ ಜಗಳದಲ್ಲಿ ಅರ್ಧ ಜನ ಎದ್ದುಹೋದ ಮೇಲೆ ಆದ ಮಾತದು. ಎದ್ದುಹೋದವರು ಆಮೇಲೆ ಏನಾಯ್ತೆಂದು ಕೂತವರನ್ನು ಕೇಳಲ್ಲ. ಸದಸ್ಯರು ಮೊದಲೇ ಹಾಜರಿ ಪುಟಕ್ಕೆ ಸಹಿ ಗೀಚಿ, ಮಂಡಕ್ಕಿ ಮೆಣಸಿನಕಾಯಿ ಮುಗಿಸಿ ಹೊರಡುತ್ತಾರೆ. ಪಿಡಿಒ ರುದ್ರಮುನಿಯವರು ಸಭೆಯಲ್ಲಿ ಬರೆದುಕೊಂಡ ಚೀಟಿ ನೋಡಿ ನಡಾವಳಿ ಪುಸ್ತಕಕ್ಕೆ ದುಂಡಗೆ ಇಳಿಸುವವಳು ಸುಚಿತ್ರಾ. ಏಳನೇ ಠರಾವನ್ನು ಮಾತ್ರ ಅವಳು ಚೀಟಿ ಬಿಟ್ಟು ಹೀಗೆ ಇಳಿಸಿದಳು: ಕುಮಾರಿ ಸುಚಿತ್ರಾ, ಬಿ.ಎ., ಇವರನ್ನು ಗ್ರಂಥಾಲಯ ಮೇಲ್ವಿಚಾರಕಿಯಾಗಿ ನೇಮಿಸಲು ತೀರ್ಮಾನಿಸಲಾಯಿತು.

ಸೂಚಕರೆಂದು ಯಾರ ಹೆಸರು ಹಾಕೋದೆಂದು ಎರಡು ದಿನ ಯೋಚಿಸಿದಳು. ಕೊನೆಗೆ ಮೆಂಬರ್ ಕಲ್ಲೇಶ್ ಅಂತ ಬರೆದಳು. ಸಭೆಯಲ್ಲಿ ಅವನದೇ ಗಂಟಲು. ಹೇಳಿದ್ದು ಮರುದಿನ ನೆನಪಿರಲ್ಲ. ಯಾರಾದರೂ ಕೇಳಿದರೆ ಹೆಮ್ಮೆಗಾದರೂ ಹೂಂ ಅನ್ನುತ್ತಾನೆ.

ರುದ್ರಮುನಿಯವರಿಗೆ ಹೊನ್ನಾಳಿ ಕಡೆಯ ಇನ್ನೊಂದು ಪಂಚಾಯ್ತಿಯ ಚಾರ್ಜೂ ಇತ್ತು. "ಎಲ್ಲಾ ಸರಿ ಐತೇನಮ್ಮಾ?" ಅಂದರು. ಅವಳು ತಲೆಯಾಡಿಸಿದಳು. ಓದದೆಯೇ ಸಹಿ ಹಾಕಿ ಹೊರಟರು. ಅವಳು ಚೀಟಿಯನ್ನು ಚೂರು ಮಾಡಿದಳು.

ನಡಾವಳಿಯ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಲೇಬೇಕು. ಕಣ್ಣಿನ ಎತ್ತರಕ್ಕೇ ಹಚ್ಚಿದಳು. ಬಚ್ಚಿಟ್ಟರಲ್ಲವೇ ಜನ ಹುಡುಕೋದು?

ಮುಂದಿನ ಸಭೆಯಲ್ಲಿ ರುದ್ರಮುನಿ ಎಂದಿನಂತೆ, "ಹಿಂದಿನ ನಡಾವಳಿ ಓದಿದೆ ಅಂತ ತಿಳ್ಕಳ್ರಿ" ಅಂದರು. ಎಲ್ಲರೂ ತಲೆದೂಗಿದರು.

"ನಾನು ತಿಳ್ಕಳಲ್ಲ." ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. "ಬೋರ್ಡಲ್ಲಿ ಓದ್ಕಂಡೇ ಬಂದೀನಿ. ಏಳನೇದು ಸೂಚಿಸಿದ್ಯಾರು?"

"ನಾನೇ ಕಣೇ!" ಕಲ್ಲೇಶ್ ಎದೆಯುಬ್ಬಿಸಿದ. "ನಾನೇ ಹೇಳಿದ್ದು, ಈಗೇನು?"

ಸುಚಿತ್ರಾಳ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವಳು ಉಸಿರುಬಿಟ್ಟಳು.

"ಹೇಳಾಕೆ ನೀವ್ಯಾರ್ರೀ?" ಹೆಂಗಸು ಒಳಗೇ ಬಂದಳು. "ಎಲೆಕ್ಷನ್ ಗೆದ್ದೋಳು ನಾನು, ನೇತ್ರಾವತಿ. ನೀವು ನನ್ನ ಗಂಡ, ಅಷ್ಟೇ. ಕಲ್ಲೇಶ್ ಅನ್ನೋ ಮೆಂಬರು ಈ ಪಂಚಾಯ್ತಿಲಿ ಎಲ್ಲೈದಾನೆ?" ಆರು ತಿಂಗಳು ಊರೆಲ್ಲ ಅವನನ್ನು ಮೆಂಬರ್ರೇ ಅಂತ ಕರೆಯೋದನ್ನು ಸುಚಿತ್ರಾ ಕೇಳಿದ್ದಳು, ಹಾಜರಿ ಪುಟದಲ್ಲಿ ಅವನು ಗೀಚುತ್ತಿದ್ದ ಸಹಿ ಯಾರ ಹೆಸರಿನದೆಂದು ಮಾತ್ರ ಒಮ್ಮೆಯೂ ಓದಿರಲಿಲ್ಲ. ರುದ್ರಮುನಿ ಪುಸ್ತಕ ತಿರುವಿ ಬೆವರೊರೆಸಿಕೊಂಡರು. "ಹಂಗಾರೆ ಇದನ್ನ ಹೇಳಿದ ಮೆಂಬರ್ ಯಾರ್ರೀ?" ನಲವತ್ತು ಕಣ್ಣುಗಳ ಎದುರು ಸುಚಿತ್ರಾ ಎದ್ದು ನಿಂತಳು. "ಯಾರೂ ಹೇಳ್ಲಿಲ್ಲ ಸಾರ್," ಅಂದಳು, ಕೊನೆಯ ಬೆಂಚಿಗೂ ಕೇಳುವಂತೆ. "ನಾನೇ ಬರ್ಕಂಡೆ."