ಮೊದಲ ಹೆಜ್ಜೆಯ ಉಂಗುರ

‘ನಾಳೆ ನೋಡೋಣ’ ಎಂದು ಶಿವಲೀಲಾ ಅಂದುಕೊಂಡ ಮರುಕ್ಷಣವೇ ಬೆರಳಿನ ಉಂಗುರ ಬೆಚ್ಚಗಾಯಿತು. ಅವಳು ಎದ್ದು ರಜೆ ಅರ್ಜಿಯ ಮೇಲೆ ತನ್ನ ಹೆಸರನ್ನಷ್ಟೇ ಬರೆದಳು. ಉಂಗುರ ತಣ್ಣಗಾಯಿತು. ಹೆಸರು ಬರೆದ ಮೇಲೆ ಉಳಿದದ್ದನ್ನು ಬಿಡಲು ಮನಸ್ಸಾಗದೆ ಅರ್ಜಿಯನ್ನೂ ಮುಗಿಸಿದಳು.

ಅದು ೨೦೬೧ರ ಧಾರವಾಡ. ಶಿವಲೀಲಾ ನಗರ ಸಾರಿಗೆಯ ಬಸ್ ಚಾಲಕಿ, ವಯಸ್ಸು ನಲವತ್ತಾರು. ಉಂಗುರವನ್ನು ರೂಪಿಸಿದವರು ನರವಿಜ್ಞಾನಿ ಮೃಣಾಲಿನಿ ಕಟಗೇರಿ. ಮಾಡಬೇಕಾದ ಕೆಲಸದಿಂದ ಮನಸ್ಸು ಜಾರಿಕೊಳ್ಳುವಾಗ ನಾಡಿಬಡಿತದಲ್ಲೂ ಚರ್ಮದ ತೇವದಲ್ಲೂ ಸೂಕ್ಷ್ಮ ಬದಲಾವಣೆಯಾಗುತ್ತದೆ. ಉಂಗುರ ಅದನ್ನು ಗುರುತಿಸಿ ಬೆಚ್ಚಗಾಗುತ್ತಿತ್ತು. ಆಗ ಧರಿಸಿದವರು ಒಂದು ನಿಮಿಷದೊಳಗೆ ಮುಗಿಯುವ ಮೊದಲ ಹೆಜ್ಜೆಯನ್ನಿಡಬೇಕು. ನಿಯಮ ಅಷ್ಟೇ. ಪ್ರಯೋಗಕ್ಕೆ ಸೇರಿದ ನಲವತ್ತು ಮಂದಿಯಲ್ಲಿ ಶಿವಲೀಲಾಳಷ್ಟು ಬೇಗ ಯಾರಿಗೂ ಅದು ರೂಢಿಯಾಗಿರಲಿಲ್ಲ.

ಎರಡನೇ ತಿಂಗಳು ಅವಳೇ ಪ್ರಯೋಗಾಲಯಕ್ಕೆ ಬಂದು ಉಂಗುರವನ್ನು ಮೇಜಿನ ಮೇಲಿಟ್ಟಳು.

“ಇದು ಕೆಟ್ಟೇತ್ರಿ ಮೇಡಂ. ಮಾಡೋ ಕೆಲಸ ಏನೂ ಇರಂಗಿಲ್ಲ, ಸುಮ್ನ ಬಿಸಿ ಆಗತೇತಿ.”

ಮೃಣಾಲಿನಿ ಉಂಗುರದ ದಾಖಲೆಯನ್ನು ತೆರೆದರು. ಇಪ್ಪತ್ತಮೂರು ದಿನ, ಬೆಳಿಗ್ಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ.

“ಆರೂ ಹತ್ತರ ಸುಮಾರಿಗೆ ಏನ್ ಮಾಡತಿರತೀರಿ?”

“ಜಳಕ ಮಾಡತಿರತೀನ್ರಿ.” ಶಿವಲೀಲಾ ಕಿಟಕಿಯ ಕಡೆ ತಿರುಗಿದಳು. ಆ ಕಡೆ ನೋಡುತ್ತಲೇ ಹೇಳಿದಳು: “ಎದಿಯೊಳಗ ಒಂದ್ ಗಂಟ ಐತ್ರಿ, ಜಳಕದಾಗ ಕೈಗೆ ತಾಕತೇತಿ. ಐದ್ ತಿಂಗಳಾತು. ಮೊದಲ ಮಗಳ ಪರೀಕ್ಷಾ ಮುಗೀಲಿ ಅಂದ್ಯಾ, ಆಮ್ಯಾಲ ಡ್ಯೂಟಿ ಬದಲಾಗಲಿ ಅಂದ್ಯಾ.”

ಅವಳ ಸೋಮಾರಿತನವನ್ನು ಎರಡು ತಿಂಗಳಿಂದ ಅಂಕಿಗಳಲ್ಲಿ ಅಳೆಯುತ್ತಿದ್ದ ಮೃಣಾಲಿನಿ ದಾಖಲೆಯನ್ನು ಮುಚ್ಚಿದರು. ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತರು.

“ಈಗ ದವಾಖಾನಿಗೆ ಹೋಗೋದು ಬ್ಯಾಡ. ಬರೇ ನಂಬರ್ ಒತ್ತರಿ. ಮಾತಾಡಾಕ ಆಗಲಿಲ್ಲಂದ್ರ ಇಟ್ಟುಬಿಡ್ರಿ.”

“ಏನರೆ ಕೆಟ್ಟದ್ದು ಅಂದ್ರ?”

“ಅದನ್ನ ಕೇಳೂವಾಗ ನಾನೂ ನಿಮ್ಮ ಜೋಡಿ ಇರತೀನಿ.”

ಶಿವಲೀಲಾ ಫೋನ್ ತೆಗೆದಳು. ಎರಡು ಸಲ ತಪ್ಪು ಅಂಕಿ ಒತ್ತಿದಳು. ಮೂರನೆಯ ಸಲ ಆ ಕಡೆಯಿಂದ ದನಿ ಬಂದಾಗ ತನ್ನ ಹೆಸರನ್ನೂ ವಯಸ್ಸನ್ನೂ ಹೇಳಿದಳು.

ಗಂಟು ಕ್ಯಾನ್ಸರಿನದೇ ಆಗಿತ್ತು. ಆದರೆ ಅದು ಹರಡಿರಲಿಲ್ಲ. ವರದಿ ಕೈಗೆ ಬಂದ ದಿನ ಮೃಣಾಲಿನಿ ಮಾತಿನಂತೆ ಜೊತೆಗಿದ್ದರು. ಶಸ್ತ್ರಚಿಕಿತ್ಸೆಯಾಗಿ, ಮುಂದಿನ ಚಿಕಿತ್ಸೆ ಮುಗಿದು, ಹತ್ತು ತಿಂಗಳ ಬಳಿಕ ಶಿವಲೀಲಾ ಮತ್ತೆ ಬಸ್ಸಿನ ಸ್ಟೇರಿಂಗ್ ಹಿಡಿದಳು. ಕೂದಲು ಇನ್ನೂ ಮೋಟಾಗಿತ್ತು. ಮೊದಲ ದಿನದ ಮೊದಲ ನಿಲ್ದಾಣದಲ್ಲಿ ಮಗಳು ಟಿಕೆಟ್ ತೆಗೆದುಕೊಂಡು ಅವಳ ಬೆನ್ನ ಹಿಂದೆಯೇ ಕೂತಳು.

ಅಷ್ಟರಲ್ಲಿ ಮೃಣಾಲಿನಿ ಉಂಗುರವನ್ನು ಮಾರುಕಟ್ಟೆಗೆ ಕಳಿಸುವುದನ್ನು ತಡೆಹಿಡಿದಿದ್ದರು. ಪ್ರಯೋಗದ ನಮೂನೆಯಲ್ಲಿ ‘ಎಷ್ಟು ಸಲ ಮುಂದೂಡಿದಿರಿ?’ ಎಂಬ ಪ್ರಶ್ನೆಯ ಕೆಳಗೆ ಇನ್ನೊಂದನ್ನು ಸೇರಿಸಿ ನಲವತ್ತೂ ಮಂದಿಗೆ ಕಳಿಸಿದರು: ‘ಯಾಕೆ?’

ಉತ್ತರಗಳು ವಾರದೊಳಗೆ ಬಂದವು. ಬೈಸಿಕೊಳ್ಳುವ ಅಂಜಿಕೆ, ಸೋಲುವ ಅಂಜಿಕೆ, ಸತ್ತ ಗಂಡನ ಅಂಗಿಗಳನ್ನು ಮುಟ್ಟಲಾರದ ಸಂಕಟ. ಸೋಮಾರಿತನ ಎಂದು ಬರೆದವರು ಇಬ್ಬರೇ.

ಮೃಣಾಲಿನಿ ಹಾಳೆಗಳನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ಇಷ್ಟನ್ನು ಕೇಳುವುದಕ್ಕೆ ಯಂತ್ರವೇ ಬೇಕಿರಲಿಲ್ಲ. ಇಂಥ ಉಂಗುರಗಳೇ ಇಲ್ಲದ ಮೂವತ್ತೈದು ವರ್ಷಗಳ ಹಿಂದೆಯೂ, ಯಾರಾದರೂ ಪಕ್ಕದಲ್ಲಿ ಕೂತು ಕೇಳಬಹುದಿತ್ತು.